ಕೊರಿಯಾದ ಜಿನ್ಸೆಂಗೂ ನಮ್ಮ ಅಶೋಕದ ಚಕ್ಕೆನೂ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಆರೋಗ್ಯದ ಪುಟದಲ್ಲಿ ಅಶ್ವಗಂಧನ 'ಇಂಡಿಯನ್ ಜಿನ್ಸೆಂಗ್' ಅಂತ ಬರೆದಿದ್ರಲ್ಲ, ಅದನ್ನ ಓದಿ ಸುಮ್ನಿರೋಕೆ ಆಗ್ಲಿಲ್ಲ. ನಾನು ಡಾಕ್ಟ್ರಲ್ಲ, ಪಂಡಿತನೂ ಅಲ್ಲ, ಮಂಡ್ಯದ ಪೇಟೆ ಬೀದೀಲಿ ಗ್ರಂಥಿಗೆ ಅಂಗಡಿ ಇಟ್ಕೊಂಡಿರೋನು, ಬೇರು ಚಕ್ಕೆ ಮಾರೋದೇ ನನ್ನ ಅನ್ನ. ಅಶ್ವಗಂಧ ಬದನೆ, ಟೊಮೆಟೊ ಕುಲದ ಗಿಡ ಸ್ವಾಮಿ. ಕೊರಿಯಾದವ್ರು ಬೇರನ್ನ ಮದ್ದಿಗೆ ಬಳಸೋ ಜಿನ್ಸೆಂಗ್ ಗಿಡ ಬೇರೆ ಕುಲದ್ದು, ಚಳಿ ನಾಡಲ್ಲಿ ನೆರಳಲ್ಲಿ ಬೆಳೆಯೋದು. ಎರಡನ್ನೂ ಶಕ್ತಿ ಬರ್ಲಿ ಅಂತ ತಗೋತಾರೆ ಅನ್ನೋದು ಬಿಟ್ರೆ ನೆಂಟಸ್ತಿಕೆ ಏನೂ ಇಲ್ಲ. ನೀವು ಹಂಗೆ ಬರೆದ್ರೆ ಮಾರನೇ ದಿನ ನನ್ನ ಅಂಗಡಿ ಮುಂದೆ ಹುಡುಗ್ರು ನಿಂತ್ಕೊಂಡು "ಅಣ್ಣಾ, ಕೊರಿಯಾದ್ ಜಿನ್ಸೆಂಗ್ ಐತಾ, ಇಲ್ಲಾಂದ್ರೆ ಇಂಡಿಯನ್ದೇ ಕೊಡು" ಅಂತಾವೆ.

ಹುಡುಗ್ರದ್ದು ತಪ್ಪಿಲ್ಲ ಬಿಡಿ, ಮೊಬೈಲಲ್ಲಿ ಕೊರಿಯಾ ಸೀರಿಯಲ್ ನೋಡ್ತಾವೆ, ಅದ್ರಲ್ಲಿ ಅಮ್ಮ ಪರೀಕ್ಷೆ ಬರೆಯೋ ಮಗನಿಗೆ ಕಷಾಯದ ಪ್ಯಾಕೆಟ್ ಬೆಚ್ಚಗೆ ಮಾಡ್ಕೊಡ್ತಾಳೆ, ಅಜ್ಜಿ ಸೊಂಟಕ್ಕೆ ಅಕ್ಯುಪಂಕ್ಚರ್ ಸೂಜಿ ಚುಚ್ಚಿಸ್ಕೊಂಡು ಬರ್ತಾಳೆ, ಅವ್ರ ಮನೇಲಿ ಅದು ದಿನದ ಮಾತು. ಬಾಣಂತಿಗೆ ಸಮುದ್ರದ ಪಾಚಿ ಹಾಕಿ ಸಾರು ಮಾಡಿ ವಾರಗಟ್ಟಲೆ ಕುಡಿಸ್ತಾರೆ, ಆಮೇಲೆ ಆ ಮಗುವಿನ ಪ್ರತಿ ಹುಟ್ಟಿದ ಹಬ್ಬಕ್ಕೂ ಅದೇ ಸಾರು. ಬೇಸಿಗೆಯ ಸುಡು ದಿನಗಳಲ್ಲಿ ಬೊಕ್ನಾಲ್ ಅಂತ ಮೂರು ದಿನ ಇವೆ, ಅವತ್ತು ಐಸ್‌ಕ್ರೀಮ್ ಬಿಟ್ಟು ಎಳೆ ಕೋಳಿ ಹೊಟ್ಟೆಯೊಳಗೆ ಅಂಟು ಅಕ್ಕಿ, ಜಿನ್ಸೆಂಗ್, ಬೆಳ್ಳುಳ್ಳಿ, ಬೋರೆ ಜಾತಿಯ ಹಣ್ಣು ತುಂಬಿ ಕುದಿಸಿದ ಸಾಮ್‌ಗ್ಯೆತಾಂಗ್ ಸಾರನ್ನ ಬೆವರು ಸುರಿಸ್ಕೊಂಡು ಕುಡೀತಾರೆ, ಸೆಕೆಗೆ ಸೆಕೆಯೇ ಮದ್ದು ಅಂತ. ನಾಟಿ ಕೋಳಿ ಸಾರು ಕುಡಿದು ನೆಗಡಿ ಬಿಡಿಸ್ಕೊಳ್ಳೋ ನಮ್ ಕಡೆಯವ್ರಿಗೆ ಇದೇನು ಬಿಡಿಸಿ ಹೇಳ್ಬೇಕಾಗಿಲ್ಲ.

ಆ ಜಿನ್ಸೆಂಗ್ ಬೇರನ್ನ ಕೊರಿಯಾದ ಗುಮ್ಸಾನ್ ಕಡೆ ಹೊಲದಲ್ಲಿ ಚಪ್ಪರದ ನೆರಳಲ್ಲಿ ಬೆಳೀತಾರೆ, ಒಳ್ಳೇ ಬೇರು ಬೇಕು ಅಂದ್ರೆ 6 ವರ್ಷ ಕಾಯ್ಬೇಕು. 12 ತಿಂಗಳ ಕಬ್ಬಿಗೇ ಬಿಲ್ ಯಾವಾಗ ಬರುತ್ತೋ ಅಂತ ಬಾಯಿ ಬಾಯಿ ಬಿಡೋ ನಮ್ ರೈತ್ರು 6 ವರ್ಷ ಅಂದ್ರೆ ನಕ್ಬಿಡ್ತಾರೆ. ಕಿತ್ತ ಬೇರನ್ನ ಹಬೆಯಲ್ಲಿ ಬೇಯಿಸಿ ಒಣಗಿಸಿದ್ರೆ ಕೆಂಪಗೆ ಗಾಜಿನ ಥರ ಗಟ್ಟಿ ಆಗುತ್ತೆ, ಅದೇ ರೆಡ್ ಜಿನ್ಸೆಂಗ್. ಆ ಕೆಂಪು ಬೇರಿನ ವ್ಯಾಪಾರ 1996ರ ತನಕ ಅಲ್ಲಿ ಸರ್ಕಾರದ ಕೈಲೇ ಇತ್ತು. ಈಗ ಆನ್‌ಲೈನಲ್ಲಿ ಪೌಡರು, ಜೆಲ್ಲಿ, ಕಡ್ಡಿ ಎಲ್ಲಾ ರೂಪದಲ್ಲೂ ಸಿಗುತ್ತೆ. ತರಿಸ್ಕೊಳ್ಳೋರು ಒಂದು ಕೇಳಿಸ್ಕೊಳ್ಳಿ, ಹಾರ್ಟಿಗೆ ಅಂತ ರಕ್ತ ತೆಳು ಮಾಡೋ ವಾರ್ಫರಿನ್ ತಗೋತಿದ್ರೆ, ಶುಗರ್ ಮಾತ್ರೆ ನುಂಗ್ತಿದ್ರೆ ಡಾಕ್ಟ್ರನ್ನ ಕೇಳದೆ ಇದನ್ನ ಮುಟ್ಬೇಡಿ, ಬೇರು ಅಂದ ಮಾತ್ರಕ್ಕೆ ಸಾಧು ಅಲ್ಲ.

ನನಗೆ ಕೊರಿಯಾದವ್ರ ಮೇಲೆ ಹೊಟ್ಟೆಕಿಚ್ಚು ಇರೋದು ಬೇರಿನ ವಿಷಯಕ್ಕಲ್ಲ, ಅವ್ರು ಬೇರಿನ ಲೆಕ್ಕ ಇಟ್ಟ ರೀತಿಗೆ. 1592ರಲ್ಲಿ ಜಪಾನಿನವ್ರು ದಂಡೆತ್ತಿ ಬಂದು ದೇಶ ಹಾಳು ಮಾಡಿದ್ರು, ರೋಗ, ಬರ, ಚೀನಾದಿಂದ ಮದ್ದು ತರಿಸೋಕೆ ಜನರ ಹತ್ರ ಕಾಸಿಲ್ಲ. 1596ರಲ್ಲಿ ಸೊಂಜೊ ಅನ್ನೋ ರಾಜ ಆಸ್ಥಾನದ ವೈದ್ಯ ಹೋ ಜುನ್‌ನ ಕರೆದು ಜನಕ್ಕೆ ಕೈಗೆ ಸಿಗೋ ಗಿಡದಲ್ಲೇ ವೈದ್ಯ ಮಾಡೋ ಥರ ಒಂದು ಪುಸ್ತಕ ಬರೀರಿ ಅಂದ. ಮಾರನೇ ವರ್ಷ ಮತ್ತೆ ಯುದ್ಧ, ಜೊತೆಗಿದ್ದ ವೈದ್ಯರೆಲ್ಲ ದಿಕ್ಕಾಪಾಲು, ಹೋ ಜುನ್ ಒಬ್ಬನೇ ಕೂತು ಬರೆದ. 1608ರಲ್ಲಿ ರಾಜ ತೀರ್ಕೊಂಡಾಗ ತಪ್ಪನ್ನ ವೈದ್ಯನ ತಲೆಗೇ ಕಟ್ಟಿ ಗಡೀಪಾರು ಮಾಡಿದ್ರು, ಅಲ್ಲೂ ಬರೆಯೋದು ಬಿಡ್ಲಿಲ್ಲ. 1610ಕ್ಕೆ ಮುಗೀತು, 1613ರಲ್ಲಿ ಅಚ್ಚಾಯ್ತು, 25 ಸಂಪುಟ, ಹೆಸರು ದೊಂಗುಯ್ ಬೊಗಾಮ್. 2009ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಸ್ಮರಣೆಯ ಪಟ್ಟಿಗೆ ಸೇರಿಸ್ತು. ಪುಸ್ತಕ ಇರೋದು ಚೀನೀ ಬರಹದಲ್ಲಿ, ಆದ್ರೆ 600ಕ್ಕೂ ಹೆಚ್ಚು ಮದ್ದುಗಳಿಗೆ ಹಳ್ಳಿ ಜನ ಕರೆಯೋ ಹೆಸರನ್ನ ಅವರದೇ ಲಿಪಿ ಹಂಗುಲ್‌ನಲ್ಲಿ ಪಕ್ಕದಲ್ಲೇ ಬರೆದಿದಾರೆ, ಓದಿದವ್ನು ಹಿತ್ತಲಿಗೆ ಹೋಗಿ ಕಿತ್ಕೊಂಡು ಬರ್ಲಿ ಅಂತ. ಅದೇ ಪುಸ್ತಕದಲ್ಲಿ ಕಣ್ಣಿಗೆ ಕಾಣದಂಗೆ ಮಾಯ ಆಗೋ ಉಪಾಯನೂ ಇದೆಯಂತೆ! ಹಳೇದೆಲ್ಲ ಚಿನ್ನ ಅನ್ನೋರು ಅದನ್ನೂ ಒಂದ್ಸಲ ಓದ್ಕೊಳ್ಳಲಿ.

ಕೊರಿಯಾದ ದೇಗು ಊರಲ್ಲಿ 1658ರಿಂದ ಮೂಲಿಕೆ ಸಂತೆ ನಡೀತಾ ಬಂದಿದೆ. ಹಳೇ ಮದ್ದಿನ ಅಂಗಡಿಯ ಫೋಟೊ ನೋಡಿದ್ರೆ ಗೋಡೆ ತುಂಬಾ ಸಣ್ಣ ಸಣ್ಣ ಡ್ರಾಯರು, ಒಂದೊಂದ್ರ ಮೇಲೂ ಹೆಸರು. ನಮ್ಮಂಗಡೀಲೂ ಅಪ್ಪ ಮಾಡಿಸಿದ್ದ ಮರದ ಗೂಡುಗಳಿವೆ, ಹೆಸರು ಬರೆದಿಲ್ಲ, ಅಪ್ಪನ ತಲೇಲಿತ್ತು, ಈಗ ನನ್ನ ತಲೇಲಿದೆ, ನನ್ನ ಮಗನಿಗೆ ಗೊತ್ತಿಲ್ಲ. ಅವ್ರ ಕಷಾಯಗಳಲ್ಲಿ ಜೇಷ್ಠಮಧು ಇಲ್ಲದ್ದು ಅಪರೂಪ, ಅದಕ್ಕೇ ಕರೆದಲ್ಲಿ, ಕರೆಯದೆ ಇದ್ದಲ್ಲಿ ಎಲ್ಲಾ ಕಡೆ ಹಾಜರಾಗೋ ಮನುಷ್ಯನಿಗೆ ಕೊರಿಯಾದಲ್ಲಿ 'ಮದ್ದಿನ ಅಂಗಡಿಯ ಜೇಷ್ಠಮಧು' ಅಂತಾರಂತೆ. ನಮ್ ಬೀದೀಲಿ ಅಂಥ ಜೇಷ್ಠಮಧುಗಳು ಬೇಕಾದಷ್ಟಿವೆ.

ಕೊರಿಯಾದವ್ರಿಗೂ ಎಲ್ಲಾ ಸಲೀಸಾಗಿ ಬಂದಿದ್ದಲ್ಲ. ಜಪಾನಿನ ಆಳ್ವಿಕೇಲಿ 1913ರ ಕಾನೂನು ಸಾಂಪ್ರದಾಯಿಕ ವೈದ್ಯರನ್ನ ಕೆಳಗಿನ ದರ್ಜೆಗೆ ಇಳಿಸ್ತು, 1951ರಲ್ಲಿ ಕೊರಿಯಾ ಯುದ್ಧ ನಡೀತಿರುವಾಗ್ಲೇ ಅವ್ರಿಗೆ ಮತ್ತೆ ವೈದ್ಯರ ಮಾನ್ಯತೆ ಸಿಕ್ತು. ಈಗ 6 ವರ್ಷದ ಓದು, ದೇಶಕ್ಕೆಲ್ಲ ಒಂದೇ ಪರೀಕ್ಷೆ, ಲೈಸೆನ್ಸು. 1987ರಿಂದ ಸರ್ಕಾರಿ ವಿಮೆಯಲ್ಲಿ ಸೂಜಿ ಚಿಕಿತ್ಸೆಗೆ ದುಡ್ಡು ಸಿಗುತ್ತೆ, ಕುದಿಸಿದ ಕಷಾಯಕ್ಕೆ ಬಹುಪಾಲು ಕೈಯಿಂದಲೇ ಕಟ್ಬೇಕು. ಇಂಗ್ಲಿಷ್ ಔಷಧಿ ಡಾಕ್ಟ್ರುಗಳ ಜೊತೆ ಜಗಳ ನಿಂತಿಲ್ಲ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಷೀನು ಇವ್ರು ಮುಟ್ಬಹುದಾ ಅಂತ ಸುಪ್ರೀಂ ಕೋರ್ಟ್ ತನಕ ಹೋಗಿ 2022ರಲ್ಲಿ ಮುಟ್ಬಹುದು ಅಂತ ತೀರ್ಪಾಯ್ತು. ಜಗಳ ಆಗ್ಲಿ ಬಿಡಿ, ಸಾಕ್ಷಿ ಕೇಳೋರು ಇದ್ರೇನೇ ಒಳ್ಳೇದು. 2015ರಿಂದ ಕ್ಲಿನಿಕ್ಕಿಗೆ ಹೋಗೋ ಮೂಲಿಕೆ ಜಿಎಂಪಿ ಅನ್ನೋ ಔಷಧ ತಯಾರಿಕೆಯ ಗುಣಮಟ್ಟದ ನಿಯಮದ ಪ್ರಕಾರ ಪರೀಕ್ಷೆ ಆಗಿ ಪ್ಯಾಕ್ ಆಗ್ಬೇಕು. ನನ್ನಂಗಡಿ ಬೇರನ್ನ ಇಲ್ಲೀವರ್ಗೂ ಯಾರೂ ಬಂದು ನೋಡಿಲ್ಲ.

ನೋಡ್ಬೇಕು ಅಂತ ನಾನೇ ಹೇಳ್ತಿದೀನಿ. ಅಶೋಕದ ಚಕ್ಕೆ ತಗೊಳ್ಳಿ, ಹೆಂಗಸ್ರ ಮುಟ್ಟಿನ ತೊಂದರೆಗೆ ಅಂತ ಕೇಳಿ ಬರ್ತಾರೆ. ಅದು ಕಿತ್ತಳೆ ಬಣ್ಣದ ಗೊಂಚಲು ಹೂ ಬಿಡೋ ಮರದ್ದಾಗ್ಬೇಕು, ಮೂಟೇಲಿ ಬರೋದ್ರಲ್ಲಿ ಎಷ್ಟೋ ಸಲ ಸ್ಕೂಲು ಆಫೀಸು ಕಾಂಪೌಂಡಲ್ಲಿ ಕಂಬದಂಗೆ ನೆಟ್ಟಗೆ ಬೆಳೆಯೋ ಮರದ ಚಕ್ಕೆ ಬೆರೆತಿರುತ್ತೆ, ಅದನ್ನೂ ಜನ ಅಶೋಕ ಅಂತಲೇ ಕರೀತಾರೆ, ಒಣಗಿ ಚೂರಾದ ಮೇಲೆ ಬೇರ್ಪಡಿಸೋದು ಸುಲಭ ಅಲ್ಲ. ಬ್ರಾಹ್ಮಿ ಅಂದ್ರೆ ಒಬ್ರಿಗೆ ಒಂದೆಲಗ, ಇನ್ನೊಬ್ರಿಗೆ ಕೆರೆ ಅಂಚಿನ ನೀರುಬ್ರಾಹ್ಮಿ. ಚೀಟೀಲಿ ಬ್ರಾಹ್ಮಿ ಅಂತಷ್ಟೇ ಬರೆದಿದ್ರೆ ನಾನು ಯಾವ್ದು ಕಟ್ಲಿ?

ಬುದ್ಧಿ ಹೇಳ್ಕೊಡೋಕೆ ಕೊರಿಯಾದವ್ರೇ ಬರ್ಬೇಕಾಗಿಲ್ಲ. ಮಂಗರಾಜ 14ನೇ ಶತಮಾನದಲ್ಲೇ ವಿಷಕ್ಕೆ ಮದ್ದು ಹೇಳೋ ಖಗೇಂದ್ರಮಣಿದರ್ಪಣನ ಪೂರ್ತಿ ಕನ್ನಡದಲ್ಲೇ ಬರೆದ, ಹೋ ಜುನ್‌ಗಿಂತ ಇನ್ನೂರು ವರ್ಷಕ್ಕೂ ಮುಂಚೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ, ಬಸ್ಸು ಹತ್ತಿದ್ರೆ ಒಂದೂವರೆ ಗಂಟೆ ದಾರಿ. ವಿದ್ಯೆ ಇದೆ, ಮೇಷ್ಟ್ರುಗಳಿದಾರೆ, ಅದು ನನ್ನಂಗಡಿ ಗಲ್ಲಾಪೆಟ್ಟಿಗೆ ತನಕ ಬಂದಿಲ್ಲ ಅಷ್ಟೇ.

ಅದಕ್ಕೆ ನನ್ನ ಬೇಡಿಕೆ ಇಷ್ಟೇ. ವಾರಕ್ಕೊಂದು ಮೂಲಿಕೆ ಹಾಕಿ ಸಾರ್, ಹಸಿ ಗಿಡದ್ದೊಂದು ಒಣಗಿದ ಬೇರಿದ್ದೊಂದು ಬಣ್ಣದ ಫೋಟೊ, ಮಂಡ್ಯ ಮೈಸೂರು ಚಾಮರಾಜನಗರದ ಕಡೆ ಏನೇನು ಹೆಸರಲ್ಲಿ ಕರೀತಾರೆ, ಏನು ಬೆರೆಸ್ತಾರೆ, ಯಾರು ತಗೋಬಾರ್ದು, ಇಷ್ಟು. ಬರೆಯೋರು ಕಾಲೇಜಿನ ಮೇಷ್ಟ್ರೇ ಆಗಿರ್ಲಿ, ದುಡ್ಡು ಕೊಟ್ಟು ಬರೆಸೋ ಕಂಪನಿಯವ್ರು ಬೇಡ. ಮೊದಲ ವಾರ ಅಶೋಕ ಹಾಕಿ. ಎರಡೂ ಥರದ ಚಕ್ಕೆ ಬೇರೆ ಬೇರೆ ಪೊಟ್ಟಣ ಕಟ್ಟಿ ಇಟ್ಟಿದೀನಿ, ನಿಮ್ಮ ಫೋಟೊಗ್ರಾಫರ್‌ನ ಮಧ್ಯಾಹ್ನದ ಹೊತ್ತು ಕಳಿಸಿ, ಸಂಜೆ ಮೇಲೆ ಗಿರಾಕಿ ಜಾಸ್ತಿ, ಮಾತಾಡೋಕಾಗಲ್ಲ.

ಇಂತಿ,
ಒಬ್ಬ ಗ್ರಂಥಿಗೆ ಅಂಗಡಿಯವನು
ಪೇಟೆ ಬೀದಿ, ಮಂಡ್ಯ