ಪಾಸ್‌ಪೋರ್ಟ್ ನೋಡದೆ ಟಿಕ್ ಹಾಕಿದ್ದೀರಿ: ಟ್ರಾವೆಲ್ ಏಜೆನ್ಸಿಗೆ ದೂರು ಪತ್ರ

ವ್ಯವಸ್ಥಾಪಕರಿಗೆ,

ವಿಷಯ: ಮಗಳ ಪಾಸ್‌ಪೋರ್ಟ್ ಅವಧಿ ಪರಿಶೀಲಿಸದೆ ಪ್ರವಾಸ ತಪ್ಪಿಸಿದ್ದು ಮತ್ತು ನಮ್ಮನ್ನು ‘ನೋ ಶೋ’ (ಪ್ರಯಾಣಕ್ಕೆ ಬಾರದವರು) ಎಂದು ಬರೆದದ್ದು

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಯಿತು. ಮೇಲ್ ಹಾಕಿದರೆ ‘ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಅನ್ನುವ ಅದೇ ಸಾಲು ಬರುತ್ತದೆ. ಹಾಗಾಗಿ ಈ ಪತ್ರಕ್ಕೆ ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ.

ಮಕ್ಕಳ ರಜೆಗೆ ಅಂತ ನಿಮ್ಮಲ್ಲಿ ಮಲೇಷ್ಯಾ ಪ್ಯಾಕೇಜ್ ತೆಗೆದುಕೊಂಡೆವು. ಆ ದೇಶಕ್ಕೆ ಹೋಗುವವರ ಪಾಸ್‌ಪೋರ್ಟ್ ಇನ್ನೂ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರಬೇಕು. ಮಗಳದ್ದಕ್ಕೆ ಅಷ್ಟು ಇರಲಿಲ್ಲ. ದೊಡ್ಡವರ ಪಾಸ್‌ಪೋರ್ಟ್ 10 ವರ್ಷ ಬಂದರೆ ಮಕ್ಕಳದ್ದು 5 ವರ್ಷಕ್ಕೇ ಮುಗಿಯುತ್ತದೆ. ದಿನಾ ಇದೇ ಕೆಲಸ ಮಾಡುವ ನಿಮಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಚೆಕ್-ಇನ್ ಕೌಂಟರ್‌ನಲ್ಲಿ ಅವಳನ್ನು ಬಿಡಲಿಲ್ಲ. ಮಗುವನ್ನು ಬಿಟ್ಟು ಹೋಗುವುದು ಹೇಗೆ? ಎಲ್ಲರೂ ವಾಪಸ್ ಬಂದೆವು.

ಕೌಂಟರ್‌ನವರ ಮೇಲೆ ನನಗೆ ಸಿಟ್ಟಿಲ್ಲ. ದಾಖಲೆ ಸರಿಯಿಲ್ಲದವರನ್ನು ಹತ್ತಿಸಿಕೊಂಡರೆ ದಂಡ ಕಟ್ಟುವ, ಅವರನ್ನು ವಾಪಸ್ ಕರೆತರುವ ಹೊರೆ ವಿಮಾನ ಕಂಪನಿಯ ತಲೆ ಮೇಲೆ ಬೀಳುತ್ತದೆ. ಅವರು ಯಾವ ದೇಶಕ್ಕೆ ಯಾವ ನಿಯಮ ಅಂತ ಟೈಮ್ಯಾಟಿಕ್ ಅನ್ನುವ ಪ್ರಯಾಣ ದಾಖಲೆ ನಿಯಮಗಳ ಡೇಟಾಬೇಸ್‌ನಲ್ಲಿ ನೋಡಿಯೇ ಬಿಡುತ್ತಾರೆ. ಅವರು ಕೆಲವೇ ನಿಮಿಷದಲ್ಲಿ ಕಂಡುಹಿಡಿದದ್ದು ನಿಮ್ಮ ಆಫೀಸಿನಲ್ಲಿ ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಬುಕಿಂಗ್ ದಿನ ‘ವೀಸಾ ಫ್ರೀ ಮೇಡಂ, ಏನೂ ತಲೆನೋವಿಲ್ಲ’ ಅಂದವರು ನೀವು. 2023ರ ಡಿಸೆಂಬರ್ 1ರಿಂದ ಭಾರತೀಯರು 30 ದಿನದವರೆಗೆ ವೀಸಾ ಇಲ್ಲದೆ ಮಲೇಷ್ಯಾಕ್ಕೆ ಹೋಗಬಹುದು, ನಿಜ. ಆದರೆ ವೀಸಾ ಇದ್ದಾಗ ಅರ್ಜಿ ಹಾಕುವ ಹೊತ್ತಿಗೇ ಯಾರಾದರೊಬ್ಬರು ಪಾಸ್‌ಪೋರ್ಟ್ ತಿರುಗಿಸಿ ನೋಡುತ್ತಿದ್ದರು. ತೊಂದರೆ ಇದ್ದರೆ ಮನೆಯಲ್ಲಿರುವಾಗಲೇ ತಿಳಿಯುತ್ತಿತ್ತು. ಈಗ ಆ ಹಂತವೇ ಇಲ್ಲ. ನೀವು ನೋಡದಿದ್ದರೆ ಮುಂದೆ ನೋಡುವವರು ಏರ್‌ಪೋರ್ಟ್‌ನವರೇ. ಯುರೋಪಿನ ಷೆಂಗೆನ್ ದೇಶಗಳಲ್ಲಿ ಅಲ್ಲಿಂದ ಹೊರಡುವ ದಿನದ ನಂತರ 3 ತಿಂಗಳು ಚಾಲ್ತಿ ಇರಬೇಕು. ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ (ಹೋಗುವ ಮುಂಚೆ ಆನ್‌ಲೈನ್‌ನಲ್ಲಿ ತುಂಬುವ ಫಾರಂ) ಕೇಳುತ್ತಿದೆ. ಒಂದೊಂದು ಕಡೆ ಒಂದೊಂದು ನಿಯಮ, ಅದೂ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ಅಲ್ವಾ ಜನ ಸರ್ವಿಸ್ ಚಾರ್ಜ್ ಕೊಟ್ಟು ನಿಮ್ಮ ಹತ್ತಿರ ಬರುವುದು? ಮಲೇಷ್ಯಾದ ಅರೈವಲ್ ಕಾರ್ಡ್ ತುಂಬಲು ಸರ್ಕಾರ ಏನೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅದಕ್ಕೂ ನೀವು ದುಡ್ಡು ತೆಗೆದುಕೊಂಡಿದ್ದೀರಿ.

ಮರುದಿನ ನಿಮ್ಮ ಆಫೀಸಿಗೆ ಬಂದೆ. ಕೌಂಟರ್‌ನಲ್ಲಿದ್ದ ಹುಡುಗ ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು, ನನ್ನ ಕಡೆ ಒಂದು ಬೆರಳು ಎತ್ತಿ ತೋರಿಸಿ ಮಾತು ಮುಂದುವರಿಸಿದ. ನಿಂತೇ ಇದ್ದೆ, ಮಗಳೂ ಪಕ್ಕದಲ್ಲಿದ್ದಳು. ಮಾತು ಮುಗಿದ ಮೇಲೆ ಪಾಸ್‌ಪೋರ್ಟ್ ತೆಗೆದುಕೊಂಡು, ‘ಇನ್ನೂ ಎಕ್ಸ್‌ಪೈರ್ ಆಗಿಲ್ವಲ್ಲ ಮೇಡಂ, ಏರ್‌ಲೈನ್ಸ್‌ನವರದ್ದೇ ತಪ್ಪು’ ಅಂದ. 6 ತಿಂಗಳ ನಿಯಮ ಹೇಳಿದೆ. ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದ. ಬಂದವನೇ ಧಾಟಿ ಬದಲಿಸಿದ: ‘ಅದು ಕಸ್ಟಮರ್ ಜವಾಬ್ದಾರಿ. ನೀವು ಓದಿದವರ ಥರ ಕಾಣ್ತೀರಿ, ಡೇಟ್ ನೋಡೋಕೆ ಬರಲ್ವಾ?’ ಸೋಫಾದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮಗಳು ‘ಅಮ್ಮಾ, ನನ್ನಿಂದ ಹೀಗಾಯ್ತಾ?’ ಅಂತ ಕೇಳಿದಳು. ಆ ಹುಡುಗನಿಗೂ ಅದು ಕೇಳಿಸಿತು. ಮಾನಿಟರ್ ನನ್ನ ಕಡೆ ತಿರುಗಿಸಿ, ಸಣ್ಣ ಅಕ್ಷರದ ಷರತ್ತನ್ನು ಮೌಸ್‌ನಿಂದ ನೀಲಿ ಮಾಡಿ, ‘ಓದ್ಕೊಳ್ಳಿ’ ಅಂದ. ಐದು ನಿಮಿಷದ ಕೆಳಗೆ ಆ ನಿಯಮ ಅವನಿಗೇ ಗೊತ್ತಿರಲಿಲ್ಲ.

ಷರತ್ತು ಓದಿದೆ. ಈಗ ನೀವು ನಿಮ್ಮ ಚೆಕ್‌ಲಿಸ್ಟ್ ಓದಿ. ನೀವೇ ಕೊಟ್ಟ ಹಾಳೆ ಅದು. ‘ಪಾಸ್‌ಪೋರ್ಟ್ ವ್ಯಾಲಿಡಿಟಿ’ ಅನ್ನುವ ಸಾಲಿನ ಮುಂದೆ ಹಸಿರು ಇಂಕಿನ ಟಿಕ್ ಇದೆ, ಕೆಳಗೆ ನಿಮ್ಮ ಸೀಲು, ಸಹಿ. ಮಗಳ ಹೆಸರಿನ ಪಕ್ಕದಲ್ಲಿ ಪಾಸ್‌ಪೋರ್ಟ್ ಮುಗಿಯುವ ತಾರೀಕನ್ನು ನಿಮ್ಮವರೇ ಟೈಪ್ ಮಾಡಿದ್ದಾರೆ. ಅವತ್ತೇ ಒಂದು ಮಾತು ಹೇಳಿದ್ದರೆ ತತ್ಕಾಲ್‌ನಲ್ಲಾದರೂ ಹೊಸದು ಮಾಡಿಸುತ್ತಿದ್ದೆವು. ಟೈಮ್ ಬೇಕಾದಷ್ಟಿತ್ತು.

ಇಷ್ಟೆಲ್ಲ ಮಾಡಿ ಕೊನೆಗೆ ‘ನೋ ಶೋ, ರೀಫಂಡ್ ಇಲ್ಲ’ ಅಂತ ಬರೆದು ಕಳಿಸಿದ್ದೀರಿ. ನಾವು ಬಂದೇ ಇಲ್ವಾ? ಸೂಟ್‌ಕೇಸ್ ಸಮೇತ ಕೌಂಟರ್ ಮುಂದೆ ನಿಂತು, ನಿಮ್ಮ ಸಹಾಯವಾಣಿಗೆ ಫೋನ್ ಮಾಡುತ್ತಿದ್ದವರು ಯಾರು ಹಾಗಾದರೆ? ಇರಲಿ, ನೋ ಶೋ ಅಂತಲೇ ಇಟ್ಟುಕೊಳ್ಳಿ. ಆಗಲೂ ಟಿಕೆಟ್‌ನಲ್ಲಿರುವ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ವಾಪಸ್ ಕೊಡಬೇಕು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವೇ ಇದೆ. ಅದನ್ನೂ ನೀವು ಬಾಯಿಬಿಡಲಿಲ್ಲ.

ಪ್ಯಾಕೇಜ್‌ನ ಪೂರ್ತಿ ಹಣ ವಾಪಸ್ ಬರಬೇಕು. ‘ನೋ ಶೋ’ ಅನ್ನುವುದನ್ನು ತೆಗೆಯಬೇಕು. ಮತ್ತೆ, ನನ್ನ ಮಗಳ ಎದುರಿಗೆ ಆಡಿದ ಮಾತಿಗೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು. ಹಣಕ್ಕಿಂತ ಅದೇ ನನಗೆ ಜಾಸ್ತಿ ಮುಖ್ಯ.

ನಿಮ್ಮ ಉತ್ತರದ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. 15 ದಿನದೊಳಗೆ ಹಣ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಆಮೇಲೆ ರಾಜಿಗೆ ಅಂತ ಫೋನ್ ಮಾಡಬೇಡಿ, ಎತ್ತುವುದಿಲ್ಲ. ನಿಮ್ಮ ಸೀಲಿರುವ ಆ ಚೆಕ್‌ಲಿಸ್ಟ್‌ಗೆ ಏನು ಹೇಳುತ್ತೀರೋ ಅಲ್ಲೇ ಹೇಳಿ.

ಇಂತಿ,
ನಿಮ್ಮ ಗ್ರಾಹಕಿ