ತಪ್ಪು ಬ್ಯಾಟರಿ ಕಳಿಸಿ ‘ಒತ್ತಿ ಮುಚ್ಚಿ’ ಎಂದವರಿಗೆ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಆಪಲ್‌ನ ಮ್ಯೂಸಿಕ್ ಪ್ಲೇಯರ್ ಐಪಾಡ್‌ಗೆಂದು ನೀವು ಮಾರಿದ ಬ್ಯಾಟರಿ ಅಳತೆಗೆ ಹೊಂದದಿರುವುದು, ವಾಪಸ್ ಪಡೆಯಲು ನಿರಾಕರಿಸಿದ್ದು ಮತ್ತು ನಿಮ್ಮ ಸಿಬ್ಬಂದಿ ಕೊಟ್ಟ ಅಪಾಯಕಾರಿ ಸಲಹೆಯ ಬಗ್ಗೆ

ಮಾನ್ಯರೇ,

ಫೋನ್ ಮಾಡಿ ಕೇಳಿದ್ದಾಯಿತು, ಇಮೇಲ್ ಬರೆದದ್ದಾಯಿತು, ಫೋಟೊ ಕಳಿಸಿದ್ದೂ ಆಯಿತು. ಪ್ರತಿ ಸಲವೂ ‘ಪರಿಶೀಲಿಸಿ ತಿಳಿಸುತ್ತೇವೆ’ ಅನ್ನುವ ಅದೇ ಉತ್ತರ. ಹಾಗಾಗಿ ಈ ಪತ್ರ.

ನನ್ನ ಹತ್ತಿರ ಇರುವುದು ಐದನೇ ತಲೆಮಾರಿನ ಐಪಾಡ್, 2005ರಲ್ಲಿ ಬಂದ ಮಾದರಿ, 30 ಜಿಬಿಯದು. ಆ ಮಾದರಿ ಎರಡು ದಪ್ಪಗಳಲ್ಲಿ ಬಂದಿತ್ತು. 30 ಜಿಬಿಯದು 11 ಮಿಲಿಮೀಟರ್, 60 ಜಿಬಿಯದು 14 ಮಿಲಿಮೀಟರ್. ಎರಡರ ಬ್ಯಾಕ್ ಕವರ್ ಬೇರೆ, ಬ್ಯಾಟರಿಯೂ ಬೇರೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಮಾರಾಟದ ಪುಟದಲ್ಲೇ ‘ತೆಳು’, ‘ದಪ್ಪ’ ಎಂದು ಎರಡು ಆಯ್ಕೆ ಕೊಟ್ಟಿದ್ದೀರಿ. ನಾನು ಆರಿಸಿದ್ದು ತೆಳುವಿನದು. ಬಿಲ್ಲಿನಲ್ಲೂ ಅದೇ ಇದೆ.

ಈ ಪ್ಲೇಯರ್ ಬಿಚ್ಚುವುದು ನನಗೆ ಹೊಸದಲ್ಲ. ಗುಂಡಿಗಳು ಕೆಲಸ ಮಾಡದಂತೆ ತಡೆಯುವ ಹೋಲ್ಡ್ ಸ್ವಿಚ್ ಲಾಕ್ ಮಾಡಿ, ಮುಂದಿನ ಪ್ಲಾಸ್ಟಿಕ್ಕಿಗೂ ಹಿಂದಿನ ಸ್ಟೀಲಿಗೂ ನಡುವಿನ ಸಂದಿಯಲ್ಲಿ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಒಳಗಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದರೆ ಅಂಚು ಸೊಟ್ಟಗಾಗಿ ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಬಾಯಿ ಬಿಟ್ಟಿತೆಂದು ಎರಡು ಭಾಗಗಳನ್ನು ಎಳೆದು ಬೇರೆ ಮಾಡುವಂತೆಯೂ ಇಲ್ಲ. ಬ್ಯಾಟರಿಯ ರಿಬ್ಬನ್ (ಪಟ್ಟಿಯಂಥ ತೆಳು ವೈರು), ಹೆಡ್‌ಫೋನ್ ಜ್ಯಾಕಿನ ರಿಬ್ಬನ್ ಎರಡೂ ಬ್ಯಾಕ್ ಕವರಿನಿಂದ ಬೋರ್ಡಿಗೆ ಹೋಗಿರುತ್ತವೆ. ಬ್ಯಾಟರಿ ರಿಬ್ಬನ್ನನ್ನು ಹಿಡಿದಿರುವ ಕಂದು ಬಣ್ಣದ ಪುಟ್ಟ ಅಗುಳಿ ಎರಡು ಮಿಲಿಮೀಟರಿನಷ್ಟು ಮಾತ್ರ ಮೇಲೇಳುತ್ತದೆ, ಅದಕ್ಕಿಂತ ಜೋರು ಮಾಡಿದರೆ ಬೋರ್ಡಿನಿಂದಲೇ ಕಿತ್ತು ಬರುತ್ತದೆ. ಇದಿಷ್ಟನ್ನೂ ಮಾಡಿ, ಅಂಟಿಕೊಂಡಿದ್ದ ಹಳೆಯ ಬ್ಯಾಟರಿಯನ್ನು ನಿಧಾನವಾಗಿ ಎಬ್ಬಿಸಿ ತೆಗೆದು, ನಿಮ್ಮದನ್ನು ಕೂರಿಸಿದೆ. ಪ್ಲೇಯರ್ ಆನ್ ಆಯಿತು, ಹಾಡೂ ಬಂತು. ಆದರೆ ಕವರ್ ಮುಚ್ಚಲಿಲ್ಲ. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಮೇಲೇಳುತ್ತಿತ್ತು.

ಬ್ಯಾಟರಿ ಹೊರತೆಗೆದು ದೀಪದ ಕೆಳಗೆ ಹಿಡಿದು ನೋಡಿದೆ. ‘30 ಜಿಬಿ’ ಎಂದು ಅಚ್ಚಾಗಿದ್ದ ಬಿಳಿ ಸ್ಟಿಕ್ಕರಿನ ಒಂದು ಮೂಲೆ ತಾನಾಗಿಯೇ ಎದ್ದಿತ್ತು. ಅದರಡಿ ಇನ್ನೊಂದು ಲೇಬಲ್. ಅದರ ಮೇಲೆ ಅಚ್ಚಾಗಿರುವುದು ‘60 ಜಿಬಿ’. ಅಂದರೆ ಇದು ಪ್ಯಾಕ್ ಮಾಡುವಾಗ ಕೈತಪ್ಪಿ ಆದದ್ದಲ್ಲ. ಯಾರೋ ಕೂತು ದಪ್ಪ ಬ್ಯಾಟರಿಗೆ ತೆಳುವಿನ ಹೆಸರು ಅಂಟಿಸಿದ್ದಾರೆ.

ಇನ್ನು ನಿಮ್ಮ ಗ್ರಾಹಕ ಸೇವೆಯ ಪ್ರತಿನಿಧಿಯ ಜೊತೆ ನಡೆದ ಮಾತು. ಅದನ್ನು ನಡೆದ ಹಾಗೇ ಬರೆಯುತ್ತೇನೆ, ಕರೆ ರೆಕಾರ್ಡ್ ಆಗುತ್ತದೆ ಎಂದು ಮೊದಲೇ ಹೇಳುತ್ತೀರಲ್ಲ, ತೆಗೆದು ಕೇಳಿ.

ಮಾಡೆಲ್ ಯಾವುದು ಎಂದು ಕೇಳಿದರು, ಹೇಳಿದೆ. “ಅಯ್ಯೋ, ಅದಿನ್ನೂ ಇದೆಯಾ ಸಾರ್?” ಎಂದರು. ಹಿಂದಿನಿಂದ ಇನ್ಯಾರೋ ನಕ್ಕಿದ್ದು ಕೇಳಿಸಿತು. “ಮೊಬೈಲಲ್ಲೇ ಎಲ್ಲಾ ಹಾಡೂ ಬರುತ್ತಲ್ಲ ಸಾರ್, ಇದ್ಯಾಕೆ ಬೇಕು?” ನಾನು ಉತ್ತರಿಸದೆ ಬ್ಯಾಟರಿಯ ವಿಷಯ ಹೇಳಿದೆ.

“ಬಿಚ್ಚಿದ್ದು ಯಾರು?”

“ನಾನೇ.”

“ನೀವು ಟೆಕ್ನಿಷಿಯನ್ನಾ?”

“ಅಲ್ಲ.”

“ಮತ್ತೆ ಯಾಕೆ ಬಿಚ್ಚಿದ್ರಿ ಸಾರ್?”

ಬಿಚ್ಚದೆ ಒಳಗಿನ ಬ್ಯಾಟರಿ ಬದಲಿಸುವುದು ಹೇಗೆ ಎಂದು ಕೇಳಿದೆ. ಉತ್ತರವಿಲ್ಲ. “ಸ್ಟಿಕ್ಕರ್ ಕಿತ್ತಿದ್ದೀರಾ?” ಎಂದರು. ಮೂಲೆ ಎದ್ದಿತ್ತು, ಕೆಳಗೆ ಬೇರೆ ಲೇಬಲ್ ಇದೆ ಎಂದೆ. “ಸ್ಟಿಕ್ಕರ್ ಹಾಳಾಗಿದ್ರೆ ರಿಟರ್ನ್ ಆಗಲ್ಲ ಸಾರ್, ರೂಲ್ಸ್ ಇದೆ.” ಸೀನಿಯರಿಗೆ ಕೊಡಿ ಎಂದೆ. ಲೈನಿನಲ್ಲಿ ಕಾಯಿಸಿದರು. ವಾಪಸ್ ಬಂದು ಹೇಳಿದ ಮಾತು ಇದು: “ಸೀನಿಯರನ್ನ ಕೇಳ್ದೆ ಸಾರ್. ಸ್ವಲ್ಪ ಜೋರಾಗಿ ಒತ್ತಿದ್ರೆ ಕೂತ್ಕೊಳ್ಳುತ್ತಂತೆ. ಇಲ್ಲಾಂದ್ರೆ ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯೆಲ್ಲಾ ಇಟ್ಟುಬಿಡಿ.”

ಬೆಂಕಿ ಹತ್ತಿಕೊಂಡರೆ ಎಂದು ಕೇಳಿದೆ. “ಬಿಚ್ಚಿದ್ದು ನೀವಲ್ವಾ ಸಾರ್, ಅದು ನಿಮ್ಮ ರಿಸ್ಕು.” ಇಷ್ಟು ಹೇಳಿ, ಕರೆ ಮುಗಿದ ಮೇಲೆ ಬರುವ ಮೆಸೇಜಿಗೆ ಒಳ್ಳೆಯ ರೇಟಿಂಗ್ ಕೊಡಿ ಎಂದೂ ಕೇಳಿದರು.

ನನ್ನನ್ನು ನೋಡಿ ನಕ್ಕದ್ದನ್ನು ನಾನು ಮರೆಯಬಲ್ಲೆ. ಆದರೆ ಆ ಸಲಹೆಯನ್ನು ಮರೆಯಲಾರೆ. ಅದು ಮೆತ್ತಗಿನ ಪೊಟ್ಟಣದಲ್ಲಿರುವ ಲಿಥಿಯಂ ಬ್ಯಾಟರಿ. ಒಳಗೆ ಎರಡು ಧ್ರುವದ ಪದರಗಳನ್ನು ದೂರವಿಡುವುದು ಒಂದು ತೆಳು ಹಾಳೆ. ಒತ್ತಿ, ಮಡಚಿ, ಚುಚ್ಚಿ ಆ ಹಾಳೆ ಹರಿದರೆ ಒಳಗೇ ಶಾರ್ಟ್ ಆಗಿ ಬಿಸಿಯೇರುತ್ತದೆ, ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು. ಒತ್ತಿದ ಕೂಡಲೇ ಏನೂ ಆಗದೆ, ಮುಂದೆಂದೋ ಚಾರ್ಜಿಗೆ ಹಾಕಿದಾಗ ಆಗಬಹುದು. ಈ ಪ್ಲೇಯರನ್ನು ಜನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ತಲೆದಿಂಬಿನ ಪಕ್ಕ ಇಟ್ಟು ಮಲಗುತ್ತಾರೆ. ಬ್ಯಾಟರಿ ಮಾರುವ ನಿಮಗೆ ಇದು ಗೊತ್ತಿಲ್ಲವೇ? ನೀವೇ ಪೊಟ್ಟಣದ ಜೊತೆ ಇಟ್ಟ ಚೀಟಿಯಲ್ಲಿ ‘ಬ್ಯಾಟರಿಯನ್ನು ಒತ್ತಬೇಡಿ, ಮಡಚಬೇಡಿ, ಚುಚ್ಚಬೇಡಿ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಅದನ್ನು ನಿಮ್ಮ ಸೀನಿಯರ್‌ಗಳಿಗೂ ಒಂದು ಪ್ರತಿ ಕೊಡಿ.

ಆಪಲ್ 2022ರಲ್ಲಿ ಐಪಾಡನ್ನೇ ನಿಲ್ಲಿಸಿತು. ಇರುವ ಪ್ಲೇಯರ್‌ಗಳು ಉಳಿಯಬೇಕಾದರೆ ಬಿಚ್ಚಿ ಬಿಡಿಭಾಗ ಬದಲಿಸುವುದೊಂದೇ ದಾರಿ. ವೋಲ್ಫ್‌ಸನ್ ಕಂಪನಿಯ ಆಡಿಯೊ ಚಿಪ್ ಇರುವ ಈ ಮಾದರಿಯ ದನಿಗಾಗಿಯೇ ಅದನ್ನು ಜೋಪಾನ ಮಾಡುವವರು ಬಹಳ ಮಂದಿ ಇದ್ದಾರೆ. ಅವರೆಲ್ಲ ನಿಮ್ಮಂಥವರ ಲೇಬಲ್ಲನ್ನು ನಂಬಿ ಕೊಳ್ಳುತ್ತಾರೆ. ಕೂರಿಸಿ ನೋಡದೆ ಸರಿಯೋ ತಪ್ಪೋ ತಿಳಿಯದ ವಸ್ತುವನ್ನು ಮಾರಿ, ಕೂರಿಸಿದ ಮೇಲೆ ವಾಪಸ್ ಇಲ್ಲ ಎನ್ನುವುದು ಯಾವ ನ್ಯಾಯ? ‘ವಿವರಣೆಗೆ ಹೊಂದದ ವಸ್ತುವನ್ನು ಯಾವ ಸ್ಥಿತಿಯಲ್ಲಿದ್ದರೂ ವಾಪಸ್ ಪಡೆಯುತ್ತೇವೆ’ ಎಂದು ನಿಮ್ಮ ನಿಯಮದಲ್ಲೇ ಬರೆದಿದ್ದೀರಿ. ಸ್ಟಿಕ್ಕರಿನ ಮಾತು ಅಲ್ಲಿ ಎಲ್ಲೂ ಇಲ್ಲ.

ನನ್ನ ಹಣ ಪೂರ್ತಿ ವಾಪಸ್ ಬರಬೇಕು. ಬದಲಿ ಬ್ಯಾಟರಿ ಬೇಡ, ನಿಮ್ಮ ಸ್ಟಿಕ್ಕರಿನ ಮೇಲೆ ನನಗಿನ್ನು ನಂಬಿಕೆ ಇಲ್ಲ. ಇದೇ ಸ್ಟಿಕ್ಕರ್ ಹಚ್ಚಿದ ಬ್ಯಾಟರಿ ಕೊಂಡ ಪ್ರತಿಯೊಬ್ಬರಿಗೂ ‘ಒತ್ತಿ ಮುಚ್ಚಬೇಡಿ’ ಎಂದು ನೀವೇ ಬರೆದು ತಿಳಿಸಬೇಕು. ಲಿಖಿತ ಉತ್ತರ ಬಾರದಿದ್ದರೆ ಬಿಲ್ಲು, ಎರಡೂ ಲೇಬಲ್ಲುಗಳ ಫೋಟೊ ಮತ್ತು ಈ ಪತ್ರದೊಂದಿಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ, ಆ ಕರೆಯ ರೆಕಾರ್ಡಿಂಗನ್ನು ನೀವೇ ಅಲ್ಲಿಗೆ ತಂದು ಒಪ್ಪಿಸಬೇಕೆಂದೂ ಕೇಳುತ್ತೇನೆ. ಅದನ್ನು ಅಳಿಸಿಹಾಕಿದರೆ ಅದಕ್ಕೂ ಜವಾಬು ಕೊಡಬೇಕಾಗುತ್ತದೆ. ಬ್ಯಾಟರಿ ನನ್ನ ಬಳಿಯೇ ಇರುತ್ತದೆ. ಪರೀಕ್ಷಿಸಬೇಕೆಂದರೆ ನಿಮ್ಮವರು ಬಂದು ನನ್ನ ಎದುರಿಗೇ ಅಳೆದು ನೋಡಲಿ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಲೇಬಲ್ಲುಗಳ ಫೋಟೊ, ಮುಚ್ಚದ ಕವರಿನ ಫೋಟೊ