ಬ್ಯಾಟರಿ ಬದಲಿಸೋ ಮೊದಲು ಒಂದ್ಸಲ ಫುಲ್ ಚಾರ್ಜ್ ಮಾಡಿಸಿ ನೋಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಮಳೆಗಾಲಕ್ಕೆ ಮುಂಚೆ ಕಾರಿಗೆ ಏನೇನು ಮಾಡಿಸ್ಬೇಕು ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ವೈಪರ್, ಟಯರ್, ಬ್ರೇಕ್ ಬಗ್ಗೆ ಬರೆದದ್ದೆಲ್ಲ ಸರಿಯಾಗೇ ಇದೆ, ಆದ್ರೆ ಬ್ಯಾಟರಿ ಬಗ್ಗೆ ಒಂದೇ ಒಂದು ಸಾಲು, ಮೂರು ವರ್ಷ ದಾಟಿದ್ರೆ ಬದಲಿಸಿಬಿಡಿ ಅಂತ. ಈ ಒಂದು ಸಾಲಿಗೆ ನನ್ನ ತಕರಾರಿದೆ. ಇಲ್ಲೇ ಥಾಣೆ, ಡೊಂಬಿವಲಿ ಕಡೆ ವರ್ಷಗಟ್ಟಲೆ ಗಾಡಿ ವಯರಿಂಗ್ ಕೆಲಸ ಮಾಡ್ಕೊಂಡು ಬಂದವನು ನಾನು, ಚೆನ್ನಾಗಿರೋ ಬ್ಯಾಟರಿಗಳು ಗುಜರಿಗೆ ಹೋಗೋದನ್ನೂ ನೋಡಿದ್ದೇನೆ, ಸತ್ತ ಬ್ಯಾಟರಿ ಇಟ್ಕೊಂಡು ಮಕ್ಕಳುಮರಿ ಕೂರಿಸ್ಕೊಂಡು ಊರಿಗೆ ಹೊರಟು ಮಾಣಗಾಂವ್ ಹತ್ರ ರಸ್ತೆ ಬದಿಗೆ ನಿಂತವರನ್ನೂ ನೋಡಿದ್ದೇನೆ. ಎರಡಕ್ಕೂ ಕಾರಣ ಒಂದೇ, ಯಾರೂ ಅಳೆದು ನೋಡಿರಲ್ಲ.

ಮೊದಲು ನಮ್ಮ ಮುಂಬೈ ಗಾಡಿಗಳ ಪರಿಸ್ಥಿತಿ ನೋಡಿ. ನಮ್ಮಲ್ಲಿ ತುಂಬಾ ಜನ ಆಫೀಸಿಗೆ ಹೋಗೋದು ಲೋಕಲ್ ಟ್ರೇನಲ್ಲಿ, ಹೋಟೆಲ್ ಇರೋರು ಹೋಟೆಲ್ ಹತ್ರಾನೇ ಮನೆ ಮಾಡಿರ್ತಾರೆ, ಕಾರು ಸೊಸೈಟಿ ಪಾರ್ಕಿಂಗಲ್ಲಿ ವಾರಪೂರ್ತಿ ನಿಂತಿರುತ್ತೆ, ಭಾನುವಾರ ಒಂದು ಮದುವೆಗೋ ಸಂಘದ ಕಾರ್ಯಕ್ರಮಕ್ಕೋ ಮಾಟುಂಗಾ ತನಕ ಹೋಗಿ ಬಂದ್ರೆ ಮುಗೀತು. ನಿಂತ ಗಾಡಿ ಕರೆಂಟ್ ತಿನ್ನಲ್ಲ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ತಿನ್ನುತ್ತೆ. ಸೆಂಟ್ರಲ್ ಲಾಕ್, ಅಲಾರ್ಮ್, ಗಡಿಯಾರ, ಕಂಪ್ಯೂಟರ್ ಎಲ್ಲಾ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೀತಾನೇ ಇರುತ್ತೆ. 50 ಅಂತ ಇಟ್ಕೊಂಡ್ರೆ ದಿನಕ್ಕೆ 1.2 ಆಂಪಿಯರ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನೋ ಅಳತೆ) ಆಯ್ತು, 30 ದಿನಕ್ಕೆ 36. ಚಿಕ್ಕ ಕಾರಿನ ಬ್ಯಾಟರಿ ಇರೋದೇ 35 ಆಂಪಿಯರ್ ಅವರ್! ಅಂದ್ರೆ ಮೇ ತಿಂಗಳಲ್ಲಿ ಮಕ್ಕಳ ರಜೆ ಅಂತ ಉಡುಪಿಗೆ ಹೋಗಿ ಜೂನಲ್ಲಿ ವಾಪಸ್ ಬಂದಾಗ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಮೇಲಿಂದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಅಂತ ಹೊರಗಡೆ ಹಾಕಿಸಿದ್ದು ಬೇರೆ.

ನೀರು ಖಾಲಿಯಾದ ಕೊಡ ಬೇರೆ, ತೂತು ಬಿದ್ದ ಕೊಡ ಬೇರೆ. ಖಾಲಿ ಆಗಿರೋದನ್ನ ತುಂಬಿಸದೆ ತೂತಿದೆಯೋ ಇಲ್ವೋ ಅಂತ ಹೇಗೆ ಹೇಳ್ತೀರಿ? ನಮ್ಮ ಬಿಲ್ಡಿಂಗಲ್ಲೇ ಒಬ್ರು ಅಂಕಲ್ ಹೀಗೇ ಊರಿಂದ ಬಂದವರು, ಕೀ ತಿರುಗಿಸಿದ್ರೆ ಕಟ್ ಕಟ್ ಕಟ್ ಅಂತ ಶಬ್ದ ಅಷ್ಟೇ, ಹತ್ತಿರದ ಅಂಗಡಿಯವನು ಬಂದು ಒಂದು ನಿಮಿಷ ಮೀಟರ್ ಇಟ್ಟು 11.6 ವೋಲ್ಟ್ ತೋರಿಸಿ ಬ್ಯಾಟರಿ ಹೋಯ್ತು ಅಂಕಲ್, ಹೊಸದು ಹಾಕ್ತೀನಿ ಅಂದ. ಅಂಕಲ್ ನನ್ನ ಕೇಳಿದ್ರು, ನಾನು ಬ್ಯಾಟರಿ ಬಿಚ್ಚಿಸಿ ಚಾರ್ಜರಿಗೆ ರಾತ್ರಿಪೂರ್ತಿ ಹಾಕಿಸಿದೆ, ಬೆಳಿಗ್ಗೆ ತೆಗೆದು ಸಂಜೆ ತನಕ ಸುಮ್ನೆ ಇಟ್ವಿ, ಆಮೇಲೆ ಅಳೆದ್ರೆ 12.6 ಇತ್ತು, ಲೋಡ್ ಹಾಕಿ, ಅಂದ್ರೆ ಜೋರಾಗಿ ಕರೆಂಟ್ ಎಳೆದು ನೋಡಿದ್ರೂ ವೋಲ್ಟೇಜ್ ಬೀಳ್ಲಿಲ್ಲ. ಅದೇ ಬ್ಯಾಟರಿಯಲ್ಲಿ ಗಾಡಿ ಈಗ್ಲೂ ಓಡ್ತಿದೆ. ಬ್ಯಾಟರಿಯ ತಾಕತ್ತು ಅಳೆಯೋ ಒಳ್ಳೆ ಕಂಡಕ್ಟೆನ್ಸ್ ಟೆಸ್ಟರ್ ಇಟ್ರೆ ಎಷ್ಟೋ ಸಲ ಅದೇ ಪರದೆ ಮೇಲೆ ತೋರಿಸುತ್ತೆ, ಚಾರ್ಜ್ ಮಾಡಿ ಮತ್ತೆ ಟೆಸ್ಟ್ ಮಾಡಿ ಅಂತ. ಅದನ್ನ ಗಿರಾಕಿಗೆ ಓದಿ ಹೇಳೋರು ಕಮ್ಮಿ.

ಹಾಗಂತ ಖಾಲಿ ಬಿಟ್ಟು ನೆಮ್ಮದಿಯಾಗಿ ಇರಿ ಅಂತ ಹೇಳ್ತಿಲ್ಲ. ಲೆಡ್ ಆಸಿಡ್ ಬ್ಯಾಟರಿ ಖಾಲಿ ಸ್ಥಿತಿಯಲ್ಲಿ ವಾರಗಟ್ಟಲೆ ಇದ್ರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಪೂರ್ತಿ ಬಿಡಲ್ಲ, ಹಾಗಾಗಿ ಆ ಅಂಕಲ್ ಬ್ಯಾಟರಿ ಇನ್ನೂ ಸ್ವಲ್ಪ ದಿನ ಹಾಗೇ ಬಿದ್ದಿದ್ರೆ ಅಂಗಡಿಯವನ ಮಾತೇ ನಿಜ ಆಗ್ತಿತ್ತು. ಊರಿಗೆ ಹೋಗುವಾಗ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಹೋಗಿ, ಆದ್ರೆ ಮೊದಲು ಬೀಗ ಹಾಕೋದು ಹೇಗೆ, ಸ್ಟೀರಿಯೋಗೆ ಕೋಡ್ ಇದೆಯಾ ಅಂತ ಗಾಡಿಯ ಮ್ಯಾನ್ಯುಯಲ್ ನೋಡಿಕೊಳ್ಳಿ.

ಇನ್ನು ಅಳೆಯೋದು ಹೇಗೆ? ಲ್ಯಾಮಿಂಗ್ಟನ್ ರೋಡಲ್ಲಿ ಕೆಲವೇ ನೂರು ರೂಪಾಯಿಗೆ ಡಿಜಿಟಲ್ ಮಲ್ಟಿಮೀಟರ್ ಸಿಗುತ್ತೆ, ಒಂದು ಸೊಸೈಟಿಗೆ ಒಂದಿದ್ರೂ ಸಾಕು. ಗಾಡಿ ನಿಲ್ಲಿಸಿದ ಕೂಡ್ಲೇ ಅಳೀಬೇಡಿ, ಆಗ ಬರೋ ನಂಬರ್ ಸುಳ್ಳು, ರಾತ್ರಿ ಬಿಟ್ಟು ಬೆಳಿಗ್ಗೆ ಡೋರ್ ತೆಗೆಯೋ ಮೊದಲೇ ಅಳೆದ್ರೆ ಒಳ್ಳೇದು, ಬಾನೆಟ್ ಹಿಂದಿನ ರಾತ್ರಿನೇ ಸಡಿಲ ಮಾಡಿಟ್ಕೊಳ್ಳಿ. 12.6 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ತುಂಬಿದೆ, 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಹೋದ್ರೆ ಹೆಚ್ಚುಕಮ್ಮಿ ಖಾಲಿ. ಒಳಗೆ ಆರು ಸೆಲ್, ಒಂದೊಂದು 2.1 ವೋಲ್ಟ್, ಫುಲ್ ಚಾರ್ಜ್ ಮಾಡಿದ ಮೇಲೂ 10.5 ಆಸುಪಾಸಲ್ಲೇ ನಿಂತ್ರೆ ಒಂದು ಸೆಲ್ ಹೋಗಿದೆ ಅಂತ ಲೆಕ್ಕ, ಅಲ್ಲಿಗೆ ಚರ್ಚೆ ಮುಗೀತು, ಹೊಸದೇ ಗತಿ. ಬ್ಯಾಟರಿ ಮೇಲೆ ಚಾರ್ಜ್ ಇದೆ ಅಂತ ತೋರಿಸೋ ಹಸಿರು ಕಣ್ಣು ನೋಡಿ ನಂಬಬೇಡಿ ಪ್ಲೀಸ್, ಅದು ಆರರಲ್ಲಿ ಒಂದು ಸೆಲ್‌ನ ಕಥೆ ಮಾತ್ರ ಹೇಳೋದು.

ಆಮೇಲೆ ಇಂಜಿನ್ ಚಾಲೂ ಮಾಡಿ ಅಳೀರಿ, ಸುಮಾರು 13.8ರಿಂದ 14.5 ಒಳಗೆ ಇರ್ಬೇಕು. 13ಕ್ಕಿಂತ ಕಮ್ಮಿ ಇದ್ರೆ ತಪ್ಪು ಬ್ಯಾಟರಿದಲ್ಲ, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರೋ ಅದರ ಬೆಲ್ಟೋ ನೋಡಿಸ್ಬೇಕು, ಇಲ್ಲಾಂದ್ರೆ ಹೊಸ ಬ್ಯಾಟರಿ ಹಾಕಿದ್ರೂ ವಾರದಲ್ಲಿ ಅದೇ ಹಾಡು. ಹೊಸ ಗಾಡಿ ಕೆಲವು ಬೇಕಂತಲೇ ಚಾರ್ಜಿಂಗ್ ಏರಿಳಿತ ಮಾಡ್ತವೆ, ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ರೆ ಮೊದಲು ಅದನ್ನ ಕ್ಲೀನ್ ಮಾಡಿ ಕ್ಲಾಂಪ್ ಟೈಟ್ ಮಾಡಿಸಿ, ಎಷ್ಟೋ ಸಲ ರೋಗ ಅಲ್ಲೇ ಇರುತ್ತೆ.

ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಸೆಲ್ಫ್ ಹೊಡೆಯುವಾಗ. ಒಬ್ರು ಕೀ ತಿರುಗಿಸಿ, ಇನ್ನೊಬ್ರು ಮೀಟರ್ ನೋಡಿ. ಫುಲ್ ಚಾರ್ಜ್ ಆದ ಬ್ಯಾಟರಿ ಆಗ ಸುಮಾರು 10 ವೋಲ್ಟ್ ಮೇಲೇ ನಿಲ್ಬೇಕು, 9.6ಕ್ಕಿಂತ ಕೆಳಗೆ ಬಿತ್ತು ಅಂದ್ರೆ ಅದರ ಶಕ್ತಿ ಮುಗೀತಾ ಬಂದಿದೆ. ನನ್ನ ಸ್ನೇಹಿತರೊಬ್ಬರ ಗಾಡಿ ನಿಂತಾಗ 12.5 ತೋರಿಸ್ತಿತ್ತು, ಏನೂ ತೊಂದರೆ ಇಲ್ಲ ಅಂತ ಗಣೇಶ ಚತುರ್ಥಿಗೆ ಊರಿಗೆ ಹೊರಡೋದ್ರಲ್ಲಿದ್ರು, ಸೆಲ್ಫ್ ಹೊಡೆದ್ರೆ 8ಕ್ಕೆ ಬಿತ್ತು. ಅವತ್ತೇ ಬದಲಿಸಿ ಅಂತ ಹಠ ಮಾಡಿದೆ. ಆ ಬ್ಯಾಟರಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ, ವರ್ಷ ನೋಡಿ ನಿರ್ಧಾರ ಮಾಡಿದ್ರೆ ಅದು ಪಾಸಾಗ್ತಿತ್ತು. ನಿಮ್ಮ ಲೇಖನದ ಸಾಲು ನನಗೆ ಯಾಕೆ ಚುಚ್ಚಿತು ಅಂದ್ರೆ ಇದಕ್ಕೇ.

ವಯಸ್ಸಿಗೆ ಬೆಲೆ ಇಲ್ಲ ಅಂತಲ್ಲ. ನಮ್ಮ ಸೆಖೆಗೆ ಬ್ಯಾಟರಿ ಬೇಗ ಸವೆಯುತ್ತೆ, ಬಿಸಿ ಜಾಸ್ತಿ ಆದಷ್ಟೂ ಒಳಗಿನ ಗ್ರಿಡ್ (ಪ್ಲೇಟಿನ ಸೀಸದ ಜಾಲರಿ) ಸವೆತ, ನೀರು ಆವಿ ಆಗೋದು ಎಲ್ಲ ಜೋರಾಗುತ್ತೆ, ಮೂರರಿಂದ ಐದು ವರ್ಷ ಬಂದ್ರೆ ನ್ಯಾಯವಾಗಿ ಬಂತು ಅನ್ನಬಹುದು. ಮೂರು ದಾಟಿದ ಮೇಲೆ ವರ್ಷಕ್ಕೆರಡು ಸಲ ಲೋಡ್ ಟೆಸ್ಟ್ ಮಾಡಿಸಿ, ನಾಲ್ಕು ದಾಟಿದ ಮೇಲೆ ಒಂದ್ಸಲ ಫೇಲ್ ಆದ್ರೂ ಜಿಪುಣತನ ಮಾಡ್ಬೇಡಿ. ಬಾಕ್ಸ್ ಊದಿಕೊಂಡಿದ್ರೆ, ಆಸಿಡ್ ಸೋರ್ತಿದ್ರೆ, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಟೆಸ್ಟೂ ಬೇಡ, ಚಾರ್ಜೂ ಬೇಡ, ಬೇರೆ ಗಾಡಿಯ ಬ್ಯಾಟರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡೋ ಜಂಪ್ ಅಂತೂ ಬೇಡವೇ ಬೇಡ. ಚಾರ್ಜ್ ಆಗುವಾಗ ಬರೋದು ಹೈಡ್ರೋಜನ್, ಒಂದು ಕಿಡಿ ಸಾಕು. ಅದಕ್ಕೇ ಜಂಪರ್ ಕೇಬಲ್‌ನ ಕೊನೇ ಕ್ಲಿಪ್ಪನ್ನ ನಿಂತುಹೋದ ಗಾಡಿಯ ಬ್ಯಾಟರಿ ನೆಗೆಟಿವ್‌ಗೆ ಹಾಕ್ದೆ ದೂರದ ಇಂಜಿನ್ ಕಬ್ಬಿಣಕ್ಕೆ ಹಾಕೋದು. ಜಂಪ್ ಮಾಡಿ ಸ್ಟಾರ್ಟ್ ಆಯ್ತಲ್ಲ ಅಂತ ಸಯನ್ ತನಕ ಟ್ರಾಫಿಕಲ್ಲಿ ಎಸಿ, ವೈಪರ್, ಲೈಟ್ ಹಾಕ್ಕೊಂಡು ಅರ್ಧ ಗಂಟೆ ಹೋಗಿ ಬಂದ್ರೆ ಬ್ಯಾಟರಿ ತುಂಬಲ್ಲ, ಸರಿಯಾದ ಚಾರ್ಜರಲ್ಲಿ ಹತ್ತು ಗಂಟೆ ಬೇಕಾಗುತ್ತೆ.

ಹೊಸದು ತಗೊಳ್ಳಲೇಬೇಕು ಅಂದ್ರೆ ತಯಾರಾದ ತಿಂಗಳು ನೋಡಿ, ಅಂಗಡಿ ಕಪಾಟಲ್ಲಿ ತಿಂಗಳುಗಟ್ಟಲೆ ಕೂತದ್ದು ಬೇಡ. ವಾರಂಟಿ ಕಾರ್ಡಲ್ಲಿ ಫ್ರೀ ಬದಲಾವಣೆ ಎಷ್ಟು ತಿಂಗಳು, ಆಮೇಲೆ ಡಿಸ್ಕೌಂಟ್ ಮಾತ್ರ ಸಿಗೋದು ಎಷ್ಟು ತಿಂಗಳು ಅಂತ ಬೇರೆ ಬೇರೆ ಇರುತ್ತೆ, ಅದನ್ನ ಕೇಳಿ ಸೀಲ್ ಹಾಕಿಸ್ಕೊಳ್ಳಿ. ಸಿಗ್ನಲ್ಲಲ್ಲಿ ತಾನೇ ಬಂದ್ ಆಗೋ ಸ್ಟಾರ್ಟ್ ಸ್ಟಾಪ್ ಗಾಡಿಗೆ ಪದೇ ಪದೇ ಸ್ಟಾರ್ಟ್ ಆಗೋದನ್ನ ತಡ್ಕೊಳ್ಳೋಕೆ ಅಂತಾನೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬರುತ್ತೆ, ಅಗ್ಗ ಅಂತ ಸಾದಾ ಬ್ಯಾಟರಿ ಹಾಕಿಸಿದ್ರೆ ಬೇಗ ಕೈ ಕೊಡುತ್ತೆ.

ಹಳೇ ಬ್ಯಾಟರಿ ಕೊಟ್ರೆ ಅಂಗಡಿಯವರು ಬಿಲ್ಲಲ್ಲಿ ದುಡ್ಡು ಕಮ್ಮಿ ಮಾಡ್ತಾರೆ, ಅಲ್ಲೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಬ್ಯಾಟರಿಯನ್ನ ಬೇರೆ ಕಸದ ಜೊತೆ ಸೇರಿಸದೆ ಸಂಗ್ರಹ, ರೀಸೈಕ್ಲಿಂಗ್ ಮಾಡೋರಿಗೆ ಕೊಡೋದು ಬಳಸೋರ ಜವಾಬ್ದಾರಿ. ಎಲ್ಲೋ ಗಲ್ಲಿಯಲ್ಲಿ ಒಡೆದು ಆಸಿಡ್ ಗಟಾರಕ್ಕೆ ಚೆಲ್ಲಿ ಸೀಸ ಕರಗಿಸೋ ಕಡೆ ಹೋದ್ರೆ ಆ ಹೊಗೆ ಕುಡಿಯೋದು ಅಲ್ಲಿನ ಮಕ್ಕಳು.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೇ, ಆ ಒಂದು ಸಾಲನ್ನ ತಿದ್ದಿ, ಚತುರ್ಥಿಗೆ ಜನ ಊರಿಗೆ ಹೊರಡೋ ಮೊದಲು ಈ ವೋಲ್ಟೇಜ್ ನಂಬರುಗಳನ್ನ ಒಂದು ಚಿಕ್ಕ ಬಾಕ್ಸಲ್ಲಿ ಹಾಕಿ, ಕತ್ತರಿಸಿ ಗಾಡಿಯ ಡ್ಯಾಶ್‌ಬೋರ್ಡಲ್ಲಿ ಇಟ್ಕೊಳ್ಳೋ ಹಾಗೆ.

ಇತಿ ನಿಮ್ಮ ಓದುಗ,
ಡೊಂಬಿವಲಿ ಪೂರ್ವ